ನಾರಾದಲ್ಲಿ ಒಂದು ದಿನ, ಆಮೇಲೆ ಇನ್ನರ್ಧ ದಿನ

ದಿನ 1: ಒಸಾಕಾ

ಕನ್ಸಾಯ್ ವಿಮಾನ ನಿಲ್ದಾಣ ಇರುವುದು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲೆ. ಇಳಿಯುವಾಗ ಕಿಟಕಿಯಲ್ಲಿ ಕೊನೆ ಕ್ಷಣದವರೆಗೂ ಬರೀ ನೀರು. ನನ್ನ ಮೊಣಕೈ ಹಿಡಿದುಕೊಂಡ ಅಮ್ಮ ಅದನ್ನು ಬಿಟ್ಟಿದ್ದು ಚಕ್ರ ನೆಲಕ್ಕೆ ತಾಗಿದ ಮೇಲೆ.

ತಮ್ಮ ಒಸಾಕಾದಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯಿತು. ಅವನ ಮನೆ ನಮ್ಮೂರು ಸಾಗರದ ಮನೆಯ ಅಡುಗೆಮನೆಯಷ್ಟಿದೆ, ಅಷ್ಟೇ. ಅಮ್ಮ ಒಳಗೆ ಬಂದವಳೇ ಚೀಲ ಬಿಚ್ಚಿ ಅವಲಕ್ಕಿ, ಚಟ್ನಿಪುಡಿ, ಗೊಜ್ಜು, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಸಾಲಾಗಿ ಇಟ್ಟಳು. ಉಪ್ಪಿನಕಾಯಿಯ ಬಾಟಲಿಗೆ ಮೂರು ಪ್ಲಾಸ್ಟಿಕ್ ಕವರು, ಮೇಲೊಂದು ಹಳೇ ಟವೆಲ್ಲು. ಆದರೂ ಮನೆಯೆಲ್ಲ ಜೀರಿಗೆ ಮಾವಿನ ವಾಸನೆ. ತಮ್ಮ ಕಿಟಕಿ ತೆಗೆಯಲು ಹೋದವನು ತೆಗೆಯದೆ ವಾಪಸ್ ಬಂದ.

ಎಲ್ಲಿಗೆ ಹೋಗುವುದು ಅನ್ನುವ ಚರ್ಚೆ ಊಟಕ್ಕೆ ಕುಳಿತಾಗ ಆಯಿತು. ಎಲ್ಲರೂ ಮೊದಲು ಹೇಳುವುದು ಕ್ಯೋಟೋ. ಅಮ್ಮನಿಗೆ 66 ವರ್ಷ, ಮಂಡಿ ನೋವು. "ದಿನಕ್ಕೆ ಒಂದೇ ಊರು, ಮೆಟ್ಟಿಲು ಕಮ್ಮಿ ಇರಬೇಕು" ಅನ್ನುವುದು ಅವಳ ಷರತ್ತು. ತಮ್ಮ ಆಗಲೇ ನಾರಾ ಊರಿಗೆ ಒಂದು ದಿನದ ಗೈಡ್ ಟೂರ್ ಬುಕ್ ಮಾಡಿದ್ದ. ಏಳು ಜನರ ಚಿಕ್ಕ ಗುಂಪು, ನಡಿಗೆ. ಕ್ಯೋಟೋಗಿಂತ ಮೊದಲು ರಾಜಧಾನಿ ಆಗಿದ್ದ ಊರು ಅದು.

"ಜಿಂಕೆ ಇವೆ ಅಮ್ಮ. ರಸ್ತೆ ಮೇಲೇ ಓಡಾಡುತ್ತವೆ" ಅಂದ.

"ನಮ್ಮಲ್ಲಿ ಮಂಗ ಇಲ್ವಾ?" ಅಂದಳು ಅಮ್ಮ.

ದಿನ 2: ನಾರಾ

ಬೆಳಿಗ್ಗೆ ತಮ್ಮನಿಗೆ ಆಫೀಸು. ನಂಬಾ ನಿಲ್ದಾಣದಲ್ಲಿ ಕಿಂತೆತ್ಸು ರೈಲಿನ ಪ್ಲಾಟ್‌ಫಾರ್ಮ್ ತೋರಿಸಿ, "ಎಕ್ಸ್‌ಪ್ರೆಸ್ ಹತ್ತು, ಲೋಕಲ್ ಹತ್ತಬೇಡ" ಅಂತ ಎರಡು ಸಲ ಹೇಳಿ ಹೋದ. ನಾನು ಲೋಕಲ್ ಹತ್ತಿಸಿದೆ. ಬಾಗಿಲು ತೆರೆದಿತ್ತು, ಸೀಟು ಖಾಲಿ ಇತ್ತು, ಹತ್ತಿಬಿಟ್ಟೆವು. ರೈಲು ಎರಡೆರಡು ನಿಮಿಷಕ್ಕೆ ನಿಲ್ಲಲು ಶುರು ಮಾಡಿದ ಮೇಲೆ ಗೊತ್ತಾಯಿತು.

ಆದರೆ ನಿಧಾನವಾಗಿ ಹೋಗಿದ್ದರಿಂದ ಒಂದು ಲಾಭ ಆಯಿತು. ಸೈದಾಯ್ಜಿ ನಿಲ್ದಾಣ ದಾಟಿದ ಮೇಲೆ ಇದ್ದಕ್ಕಿದ್ದಂತೆ ಮನೆಗಳೆಲ್ಲ ಮುಗಿದು ದೊಡ್ಡ ಬಯಲು ಬರುತ್ತದೆ. ಒಂದು ಕಡೆ ಕೆಂಪು ಕಂಬಗಳ ಭಾರಿ ಹೆಬ್ಬಾಗಿಲು, ಇನ್ನೊಂದು ಕಡೆ ದೂರದಲ್ಲಿ ಅರಮನೆಯ ಸಭಾಂಗಣ. ಎರಡೂ ಈಚೆಗೆ ಮತ್ತೆ ಕಟ್ಟಿದವು. ಸುತ್ತ ಹುಲ್ಲು. ಇದು ಹೇಯ್ಜೋ ಅರಮನೆ ಇದ್ದ ಜಾಗ. 710ರಿಂದ 784ರವರೆಗೆ, ನಡುವೆ ಒಂದೈದು ವರ್ಷ ಬಿಟ್ಟರೆ, ಜಪಾನಿನ ರಾಜಧಾನಿ ಇಲ್ಲಿತ್ತು. ಚೀನಾದ ಚಾಂಗಾನ್ ನಗರ ನೋಡಿಕೊಂಡು ಚೌಕಾಬಾರ ಮನೆಯ ಹಾಗೆ ಗೆರೆ ಎಳೆದು ಕಟ್ಟಿದ ಊರು. ಈಗ ಅದರ ಹೊಟ್ಟೆಯ ಮೇಲೆ ರೈಲು ಓಡುತ್ತದೆ.

ಗೈಡ್ ನಮಗಾಗಿ ಕಾಯುತ್ತಿದ್ದುದು ನಿಲ್ದಾಣದ ಹೊರಗಿನ ಕಾರಂಜಿ ಹತ್ತಿರ. ಎಪ್ಪತ್ತರ ಹತ್ತಿರದ ಹೆಂಗಸು. ತಲೆಗೆ ಹತ್ತಿಯ ಟೋಪಿ, ಕೈಯಲ್ಲಿ ಹಳದಿ ಬಾವುಟ, ಬೆನ್ನಿಗೆ ಶಾಲೆ ಮಕ್ಕಳ ಹಾಗೆ ಚೀಲ. ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದರಂತೆ. ನಾನು ಕ್ಷಮೆ ಕೇಳುವ ಮೊದಲೇ ಅವರೇ ಬಗ್ಗಿ ಕ್ಷಮೆ ಕೇಳಿದರು. ಯಾಕೆ ಅಂತ ಈಗಲೂ ಗೊತ್ತಿಲ್ಲ. ನಾವು ಅವರನ್ನು ಆ ದಿನವಿಡೀ ಗೈಡಮ್ಮ ಅಂತಲೇ ಕರೆದೆವು, ನಮ್ಮಿಬ್ಬರ ನಡುವೆ.

ಎಲ್ಲಿಂದ ಬಂದಿದ್ದು ಅಂತ ಕೇಳಿದರು. ಇಂಡಿಯಾ, ದಕ್ಷಿಣ ಭಾರತ ಅಂದೆ. ಅವರ ಮುಖ ಅರಳಿತು. ಕಾರಂಜಿಯ ನಡುವೆ ನಿಂತಿದ್ದ ಸನ್ಯಾಸಿಯ ಪ್ರತಿಮೆ ತೋರಿಸಿದರು. "ಇವರು ಗ್ಯೋಕಿ. ನಿಮ್ಮ ಕಡೆಯವರೊಬ್ಬರು ಇಲ್ಲಿಗೆ ಬಂದಾಗ ಬಂದರಿಗೆ ಹೋಗಿ ಕರಕೊಂಡು ಬಂದವರು ಇವರೇ. ಆ ಕಥೆ ಮಧ್ಯಾಹ್ನ ಹೇಳುತ್ತೇನೆ."

ಗ್ಯೋಕಿ ಕಥೆಯೇ ಚೆನ್ನಾಗಿದೆ. ಊರೂರು ತಿರುಗಿ ಸೇತುವೆ, ಕೆರೆ, ರಸ್ತೆ ಮಾಡಿಸಿದ ಸನ್ಯಾಸಿ. ಜನ ಹಿಂದೆ ಬಿದ್ದರು. ಅರಮನೆಗೆ ಹೆದರಿಕೆಯಾಯಿತು, 717ರಲ್ಲಿ ಅವರ ಮೇಲೆ ನಿರ್ಬಂಧ ಹಾಕಿದರು. ಆಮೇಲೆ ಚಕ್ರವರ್ತಿ ಶೋಮು ದೊಡ್ಡ ಬುದ್ಧನನ್ನು ಮಾಡಿಸಲು ಹೊರಟಾಗ ದುಡ್ಡು, ಜನ ಎರಡೂ ಬೇಕಾಯಿತು. ಅದೇ ಗ್ಯೋಕಿಯನ್ನು ಕರೆದು ದೊಡ್ಡ ಪದವಿ ಕೊಟ್ಟರು. ಸರ್ಕಾರಗಳು ಎಲ್ಲ ಕಡೆಯೂ ಹೀಗೇ ಅಲ್ವಾ?

ಮೊದಲು ಹೋಗಿದ್ದು ಕೋಫುಕುಜಿ ದೇವಾಲಯ. ಅಲ್ಲಿನ ಐದು ಅಂತಸ್ತಿನ ಗೋಪುರ 50 ಮೀಟರ್ ಎತ್ತರ, 1426ರಲ್ಲಿ ಕಟ್ಟಿದ್ದು. ಪೋಸ್ಟ್‌ಕಾರ್ಡಿನಲ್ಲೆಲ್ಲ ಅದೇ ಇರುತ್ತದೆ. ನಾವು ಹೋದಾಗ ರಿಪೇರಿಗೆ ಅಂತ ಪೂರ್ತಿ ಮುಚ್ಚಿಟ್ಟಿದ್ದರು. ಕಂಡಿದ್ದು ಒಂದು ದೊಡ್ಡ ಡಬ್ಬ. ಗುಂಪಿನಲ್ಲಿದ್ದ ಜರ್ಮನ್ ದಂಪತಿ ಆ ಡಬ್ಬದ ಫೋಟೋ ತೆಗೆದುಕೊಂಡರು.

ಅಲ್ಲಿ ನೋಡಲೇಬೇಕಾದ್ದು ವಸ್ತುಸಂಗ್ರಹಾಲಯದ ಒಳಗಿದೆ. 734ರಲ್ಲಿ ಮಾಡಿದ ಎಂಟು ಕಾವಲುಗಾರರ ಮೂರ್ತಿಗಳು. ಗೈಡಮ್ಮ ಒಂದೊಂದರ ಹೆಸರು ಹೇಳುತ್ತಾ ಹೋದರು: ಕರುರಾ, ಕಿನ್ನರಾ, ಕೆಂದತ್ಸುಬಾ, ಅಶುರಾ. ಹಕ್ಕಿಯ ತಲೆ ಇರುವ ಕರುರಾ ಗರುಡ ಅನ್ನುವುದು ನನಗೆ ತಕ್ಷಣ ಹೊಳೆಯಿತು. ಕೆಂದತ್ಸುಬಾ ಗಂಧರ್ವ ಅಂತ ಅವರೇ ಹೇಳಬೇಕಾಯಿತು. ಅಶುರಾ ಅಂದರೆ ಅಸುರ. ಮೂರು ಮುಖ, ಕಡ್ಡಿಯ ಹಾಗಿರುವ ಆರು ಕೈ. ಆದರೆ ಮುಖ ನೋಡಬೇಕು. ಹುಬ್ಬು ಒಂಚೂರು ಗಂಟು ಹಾಕಿಕೊಂಡು, ಏನೋ ತಪ್ಪು ಮಾಡಿ ಒಳಗೊಳಗೇ ನೊಂದುಕೊಂಡ ಹದಿನಾಲ್ಕು ವರ್ಷದ ಹುಡುಗನ ಹಾಗೆ.

"ಅಸುರ ಅಂತೆ! ಪಾಪದ ಹುಡುಗ" ಅಂದಳು ಅಮ್ಮ. ಯಕ್ಷಗಾನದ ರಾಕ್ಷಸ ವೇಷ ನೋಡಿ ಬೆಳೆದವಳಿಗೆ ಇದು ಒಪ್ಪಿಗೆಯಾಗಲಿಲ್ಲ.

ಈ ಮೂರ್ತಿಗಳು ಮರದ್ದೂ ಅಲ್ಲ, ಕಲ್ಲಿನದೂ ಅಲ್ಲ. ಮೊದಲು ಮಣ್ಣಿನಲ್ಲಿ ಆಕಾರ ಮಾಡಿ, ಅದರ ಮೇಲೆ ಅರಗಿನಂಥ ಮರದ ಅಂಟಿನಲ್ಲಿ ನೆನೆಸಿದ ನಾರುಬಟ್ಟೆಯನ್ನು ಪದರ ಪದರವಾಗಿ ಸುತ್ತುತ್ತಾರೆ. ಒಣಗಿದ ಮೇಲೆ ಒಳಗಿನ ಮಣ್ಣು ತೆಗೆದುಬಿಡುತ್ತಾರೆ. ಒಳಗೆಲ್ಲ ಟೊಳ್ಳು. ಹಗುರ. ದೇವಾಲಯಕ್ಕೆ ಬೆಂಕಿ ಬಿದ್ದಾಗಲೆಲ್ಲ ಸನ್ಯಾಸಿಗಳು ಇವನ್ನು ಎತ್ತಿಕೊಂಡು ಓಡಲು ಆಗಿದ್ದು ಅದಕ್ಕೇ.

ಅಲ್ಲಿಂದ ಮುಂದೆ ಜಿಂಕೆಗಳ ರಾಜ್ಯ. ಸಾವಿರಕ್ಕೂ ಜಾಸ್ತಿ ಇವೆ, ಯಾವುದಕ್ಕೂ ಬೇಲಿ ಇಲ್ಲ. ಸಿಗ್ನಲ್ಲಿನಲ್ಲಿ ಜನರ ಜೊತೆ ನಿಂತು ರಸ್ತೆ ದಾಟುತ್ತವೆ. ಕಸುಗಾ ದೇವರು ಬಿಳಿ ಜಿಂಕೆ ಏರಿ ಬಂದನಂತೆ, ಅದಕ್ಕೆ ಇವೆಲ್ಲ ದೇವರ ಪರಿವಾರ. 1957ರಿಂದ ಸರ್ಕಾರದ ರಕ್ಷಣೆಯೂ ಇದೆ. ನಾವು ಹೋದಾಗ 200 ಯೆನ್ ಕೊಟ್ಟರೆ ಅಕ್ಕಿ ತೌಡು, ಗೋಧಿ ಹಿಟ್ಟಿನಲ್ಲಿ ಮಾಡಿದ ಬಿಸ್ಕತ್ತಿನ ಕಟ್ಟು ಸಿಗುತ್ತಿತ್ತು. ನೀವು ಬಗ್ಗಿದರೆ ಜಿಂಕೆಯೂ ತಲೆ ಬಗ್ಗಿಸುತ್ತದೆ, ಬಿಸ್ಕತ್ತು ಕೊಡಬೇಕು. ಭಕ್ತಿ ಅಂದುಕೊಳ್ಳಬೇಡಿ, ಪೂರ್ತಿ ವ್ಯವಹಾರ. ತಡ ಮಾಡಿದರೆ ಹಿಂದಿನಿಂದ ಬಂದು ಗುದ್ದುತ್ತವೆ.

ಅಮ್ಮ ಸೀರೆ ಉಟ್ಟಿದ್ದಳು, ಮೇಲೆ ಸ್ವೆಟರ್. ಒಂದು ಜಿಂಕೆ ಸೆರಗು ಬಾಯಿಗೆ ಹಾಕಿಕೊಂಡಿತು. ಇವಳು ಈ ಕಡೆ ಎಳೆದಳು, ಅದು ಆ ಕಡೆ. ಗೈಡಮ್ಮ ಓಡಿ ಬಂದು ಎರಡೂ ಅಂಗೈ ಬಿಚ್ಚಿ ಜಿಂಕೆಗೆ ತೋರಿಸಿದರು. ಖಾಲಿ, ಇನ್ನಿಲ್ಲ ಅಂತ ಅದರ ಭಾಷೆಯಲ್ಲಿ ಹೇಳುವುದು ಹಾಗಂತೆ. ಅಮ್ಮನೂ ಅಂಗೈ ಬಿಚ್ಚಿ, "ಖಾಲಿ ಕಣಪ್ಪ, ಖಾಲಿ" ಅಂದಳು. ಬಿಟ್ಟಿತು. ಆ ಗಡಿಬಿಡಿಯಲ್ಲಿ ಇನ್ನೊಂದು ಜಿಂಕೆ ನನ್ನ ಕೈಯಲ್ಲಿದ್ದ ಟೂರಿನ ನಕ್ಷೆ ತಿಂದು ಮುಗಿಸಿತ್ತು. ಕಾಗದವಾದರೆ ಹೇಗೋ ಆಯಿತು. 2019ರಲ್ಲಿ ಸತ್ತ ಜಿಂಕೆಯೊಂದರ ಹೊಟ್ಟೆಯಲ್ಲಿ ನಾಲ್ಕು ಕಿಲೋಗೂ ಜಾಸ್ತಿ ಪ್ಲಾಸ್ಟಿಕ್ ಸಿಕ್ಕಿತ್ತು ಅಂತ ಗೈಡಮ್ಮ ಹೇಳಿದರು. ನಾನು ಚೀಲದ ಕವರುಗಳನ್ನೆಲ್ಲ ಒಳಗೆ ತುರುಕಿದೆ.

ತೋದಾಯ್ಜಿ ದೇವಾಲಯದ ಹೆಬ್ಬಾಗಿಲಿನಲ್ಲಿ ಎರಡು ಕಡೆ ಇಬ್ಬರು ದ್ವಾರಪಾಲಕರು. ಮರದಲ್ಲಿ ಕೆತ್ತಿದ್ದು, ಎತ್ತರ ಎಂಟು ಮೀಟರಿಗೂ ಮೇಲೆ. ಉನ್ಕೇಯ್, ಕೈಕೇಯ್ ಅನ್ನುವ ಶಿಲ್ಪಿಗಳು ತಮ್ಮ ತಂಡದ ಜೊತೆ 1203ರಲ್ಲಿ ಬರೀ 69 ದಿನದಲ್ಲಿ ಮಾಡಿ ಮುಗಿಸಿದ್ದು. ಸಾಗರದವರು ನಾವು, ಗುಡಿಗಾರರ ಕೆತ್ತನೆ ನೋಡಿಕೊಂಡೇ ಬೆಳೆದವರು. ಒಂದು ಅಡಿಯ ಗಂಧದ ಗಣಪತಿಗೆ ತಿಂಗಳುಗಟ್ಟಲೆ ಕೂರುವುದು ಗೊತ್ತು. 69 ದಿನ ಅಂದಾಗ ಅಮ್ಮ ನಂಬಲೇ ಇಲ್ಲ.

ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ಬಾಯಿ ತೆರೆದವನು ಅಗ್ಯೋ, ಮುಚ್ಚಿದವನು ಉಂಗ್ಯೋ. "ಇವನು ಅ ಅನ್ನುತ್ತಿದ್ದಾನೆ. ಅವನು ಉನ್ ಅನ್ನುತ್ತಿದ್ದಾನೆ. ನಿಮ್ಮ ಸಂಸ್ಕೃತದಿಂದ ಬಂದದ್ದು. ಮೊದಲ ಸದ್ದು, ಕೊನೆಯ ಸದ್ದು" ಅಂದರು ಗೈಡಮ್ಮ. ಜಪಾನಿ ವರ್ಣಮಾಲೆಯೂ ಅಲ್ಲಿಂದಲೇ ಕ್ರಮ ಕಲಿತದ್ದು ಅಂತ ಹೇಳಿ, ಬೆರಳು ಮಡಚುತ್ತಾ ಶುರು ಮಾಡಿದರು: "ಅ, ಇ, ಉ, ಎ, ಒ. ಕ, ಸ, ತ, ನ, ಹ, ಮ, ಯ, ರ, ವ."

ಅಮ್ಮ ನನ್ನ ಕಡೆ ತಿರುಗಿ, "ನಮ್ದೇ ಅಲ್ವೇನೇ? ನಡುವೆ ನಡುವೆ ನುಂಗಿದ್ದಾರೆ" ಅಂದಳು.

ಆಮೇಲೆ ಓದಿ ನೋಡಿದೆ. ಬೌದ್ಧ ಸನ್ಯಾಸಿಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿಯುತ್ತಿದ್ದರು, ಆ ಕ್ರಮದಲ್ಲೇ ತಮ್ಮ ಅಕ್ಷರಗಳನ್ನು ಜೋಡಿಸಿಕೊಂಡರು. ನಮ್ಮ ಚ ಇರುವ ಜಾಗದಲ್ಲಿ ಅವರ ಸ. ನಮ್ಮ ಪ ಇರುವ ಜಾಗದಲ್ಲಿ ಅವರ ಹ, ಯಾಕೆಂದರೆ ಹಿಂದೆ ಅವರೂ ಅದನ್ನು ಪ ಅಂತಲೇ ಅನ್ನುತ್ತಿದ್ದರು. ಪಾಲು ಹೋಗಿ ಹಾಲು ಆಗಿದ್ದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಇನ್ನು ದೊಡ್ಡ ಬುದ್ಧ. ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು.

ಒಳಗೆ ಹೋಗುವವರೆಗೆ ಅಂಥದ್ದೇನೂ ಅನಿಸುವುದಿಲ್ಲ. ಕಟ್ಟಡವೇ ಅಷ್ಟು ದೊಡ್ಡದು, 57 ಮೀಟರ್ ಅಗಲ. ಮೊದಲಿದ್ದದ್ದು ಇನ್ನೂ ಅಗಲವಂತೆ, 86 ಮೀಟರ್. ಈಗಿನದು 1709ರಲ್ಲಿ ಮುಗಿದದ್ದು. ಹೊಸ್ತಿಲು ದಾಟಿ ತಲೆ ಎತ್ತಿದರೆ ಕತ್ತಲಲ್ಲಿ ಮೊದಲು ಒಂದು ಅಂಗೈ ಕಾಣುತ್ತದೆ. ಹೆದರಬೇಡ ಅನ್ನುವ ಹಾಗೆ ಎತ್ತಿ ಹಿಡಿದ ಬಲಗೈ. ಆಮೇಲೆ ಮುಖ. ಕೂತ ಮೂರ್ತಿಯ ಎತ್ತರ 15 ಮೀಟರ್. ಅಮ್ಮ ಚಪ್ಪಲಿ ಬಿಡಲು ಬಗ್ಗಿದಳು. ಬಿಡಬೇಕಿಲ್ಲ ಅಂದರು. ಬಿಡದೆ ಒಳಗೆ ಹೋಗಲು ಅವಳಿಗೆ ಮನಸ್ಸಿಲ್ಲ, ಬರಿಗಾಲಿಗೆ ಚಳಿ. ಕಡೆಗೆ ಸಾಕ್ಸಿನಲ್ಲಿ ನಡೆದಳು.

735ರಿಂದ ಎರಡು ಮೂರು ವರ್ಷ ಜಪಾನಿನಲ್ಲಿ ಸಿಡುಬು ಎದ್ದಿತ್ತು. ಜನ ಸತ್ತರು, ಅರಮನೆಯ ದೊಡ್ಡವರೂ ಸತ್ತರು. ಬರ, ದಂಗೆ ಬೇರೆ. ಚಕ್ರವರ್ತಿ ಶೋಮು 743ರಲ್ಲಿ ವೈರೋಚನ ಬುದ್ಧನ ಮೂರ್ತಿ ಮಾಡಿಸುವ ಸಂಕಲ್ಪ ಮಾಡಿದ. ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತರುವವರಿಗೂ ಇದರಲ್ಲಿ ಪಾಲಿದೆ ಅಂತ ಹೇಳಿಸಿದ. ಸುಮಾರು 500 ಟನ್ ತಾಮ್ರ ಬೇಕಾಯಿತು. ಒಂದೇ ಸಲಕ್ಕೆ ಎರಕ ಹೊಯ್ಯಲು ಆಗುತ್ತದೆಯೇ? ಕೆಳಗಿನಿಂದ ಮೇಲಕ್ಕೆ ಎಂಟು ಹಂತ. ಪ್ರತಿ ಹಂತಕ್ಕೂ ಸುತ್ತ ಮಣ್ಣು ಏರಿಸುತ್ತಾ ಹೋದರು. ಮುಗಿಯುವ ಹೊತ್ತಿಗೆ ಬುದ್ಧ ಒಂದು ಗುಡ್ಡದ ಒಳಗೆ ಹೂತುಹೋಗಿದ್ದ.

752ರಲ್ಲಿ ಕಣ್ಣು ಬರೆಯುವ ದಿನ ಬಂತು. ಗೈಡಮ್ಮ ಇಲ್ಲಿ ನಿಲ್ಲಿಸಿ ಅಮ್ಮನನ್ನು ನೋಡಿದರು. ಮೂರ್ತಿಗೆ ಕೊನೆಗೆ ಕಣ್ಣು ಬರೆಯುವುದು ಯಾಕೆ ಅಂತ ಜರ್ಮನ್ ದಂಪತಿಗೆ ವಿವರಿಸಬೇಕಾಗಿತ್ತು. ಅಮ್ಮನಿಗೆ ಬೇಕಿರಲಿಲ್ಲ. ನಮ್ಮ ಓಣಿಯಲ್ಲಿ ಮಣ್ಣಿನ ಗಣಪತಿ ಮಾಡುವವರು ಚೌತಿಯ ಹಿಂದಿನ ರಾತ್ರಿಯೇ ಕಣ್ಣು ಬರೆಯುವುದು. ಅಲ್ಲಿಯವರೆಗೆ ಅದು ಮಣ್ಣು, ಅಲ್ಲಿಂದ ಮುಂದೆ ದೇವರು. ಚಿಕ್ಕವಳಿದ್ದಾಗ ಅದನ್ನು ನೋಡಲು ನಾನು ಗೋಡೆ ಹತ್ತುತ್ತಿದ್ದೆ.

ಶೋಮು ಆಗಲೇ ಮಗಳಿಗೆ ಪಟ್ಟ ಬಿಟ್ಟುಕೊಟ್ಟಿದ್ದ, ಮೈ ಸರಿ ಇರಲಿಲ್ಲ. ಅವನ ಬದಲು ಕುಂಚ ಹಿಡಿದವರು ಬೋಧಿಸೇನ. ದಕ್ಷಿಣ ಭಾರತದ ಸನ್ಯಾಸಿ. ಚೀನಾದಲ್ಲಿದ್ದವರನ್ನು ಜಪಾನಿನ ರಾಯಭಾರಿಗಳು ಕರೆದರು. 736ರಲ್ಲಿ ಹಡಗಿನಲ್ಲಿ ಬಂದರು. ಇವತ್ತಿನ ಒಸಾಕಾ ಇರುವ ನಾನಿವಾ ಬಂದರಿನಲ್ಲಿ ಎದುರುಗೊಂಡವರು ನಮ್ಮ ಕಾರಂಜಿಯ ಗ್ಯೋಕಿ. ಇಲ್ಲಿನವರು ಬೋಧಿಸೇನರನ್ನು ಕರೆಯುತ್ತಿದ್ದುದು ಬರಮೋನ್ ಸೋಜೋ, ಅಂದರೆ ಬ್ರಾಹ್ಮಣ ಮಹಾಗುರು ಅಂತ. ಅದೇ ಕಾಲಕ್ಕೆ ನಮ್ಮಲ್ಲಿ ಬಾದಾಮಿ ಚಾಲುಕ್ಯರು ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿಸುತ್ತಿದ್ದರು. ನಾನು ಶಾಲೆಯಲ್ಲಿ ಪಟ್ಟದಕಲ್ಲು ಓದಿದೆ, ಬೋಧಿಸೇನರ ಹೆಸರು ಕೇಳಿದ್ದು ಇಲ್ಲಿ, ಜಪಾನಿನ ಅಜ್ಜಿಯೊಬ್ಬರ ಬಾಯಲ್ಲಿ. ಸ್ವಲ್ಪ ನಾಚಿಕೆಯಾಯಿತು.

ಗೈಡಮ್ಮ ಚೀಲದಿಂದ ಒಂದು ಕುಂಚ, ನೀಲಿ ದಾರದ ಉಂಡೆ, ಒಂದು ಹಾಳೆ ತೆಗೆದರು. ಆ ದಿನ ಕುಂಚಕ್ಕೆ ಉದ್ದನೆಯ ನೀಲಿ ರೇಷ್ಮೆ ದಾರ ಕಟ್ಟಿದ್ದರಂತೆ. ಮೇಲೆ ಬೋಧಿಸೇನರು ಕಣ್ಣು ಬರೆಯುವಾಗ ಕೆಳಗೆ ನೆರೆದವರು ದಾರ ಹಿಡಿದು ನಿಂತಿದ್ದರು. ಎಲ್ಲರ ಕೈಯೂ ಆ ಕಣ್ಣಿಗೆ ಸೇರಲಿ ಅಂತ. ಗೈಡಮ್ಮ ದಾರದ ತುದಿಯನ್ನು ಕುಂಚಕ್ಕೆ ಕಟ್ಟಿ ನಮ್ಮೆಲ್ಲರ ಕೈಗೂ ಹಿಡಿಸಿದರು. ಹಾಳೆಯಲ್ಲಿ ಬುದ್ಧನ ಮುಖ, ಕಣ್ಣಿಲ್ಲ. ಕುಂಚವನ್ನು ಎರಡೂ ಕೈಯಲ್ಲಿ ಅಮ್ಮನಿಗೆ ಕೊಟ್ಟರು.

ಅಮ್ಮ ಹಿಂದೆ ಸರಿದಳು. ಆಮೇಲೆ ತನ್ನಷ್ಟಕ್ಕೆ, "ಸ್ನಾನ ಆಗಿದೆ, ಅಡ್ಡಿಲ್ಲ" ಅಂತ ಹೇಳಿಕೊಂಡು ಕನ್ನಡಕ ಸರಿ ಮಾಡಿಕೊಂಡಳು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಏಳು ಜನ ದಾರ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದೆವು. ಮುಗಿಸಿ ತೋರಿಸಿದಾಗ ನನಗೆ ನಗು ತಡೆಯಲು ಆಗಲಿಲ್ಲ. ಅರೆಮುಚ್ಚಿದ ಬುದ್ಧನ ಕಣ್ಣಲ್ಲ, ನಮ್ಮ ಓಣಿಯ ಗಣಪತಿಯ ಕಣ್ಣು! ಅಗಲವಾಗಿ ತೆರೆದು, ಕೊನೆಗೆ ಕಾಡಿಗೆಯ ಬಾಲ ಎಳೆದಿದ್ದಳು. ಗೈಡಮ್ಮ ಅದನ್ನು ತುಂಬಾ ಹೊತ್ತು ನೋಡಿ, ಗಾಳಿ ಊದಿ ಒಣಗಿಸಿ, ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಂಡರು. ಅಲ್ಲಿ ಅಂಥವು ಇನ್ನೂ ಹತ್ತಾರು ಇದ್ದವು.

ಬೋಧಿಸೇನರು ಬರೆದ ಕಣ್ಣು ಈಗಿಲ್ಲ. 855ರ ಭೂಕಂಪದಲ್ಲಿ ಬುದ್ಧನ ತಲೆಯೇ ಕಳಚಿ ಬಿತ್ತು. ಮತ್ತೆ ಕೂರಿಸಿದರು. 1180ರಲ್ಲಿ ಯುದ್ಧದ ಬೆಂಕಿ, 1567ರಲ್ಲಿ ಇನ್ನೊಂದು. ಎರಡನೇ ಬೆಂಕಿಯ ನಂತರ ಹೆಚ್ಚುಕಮ್ಮಿ ನೂರು ವರ್ಷ ಬುದ್ಧ ಮಳೆ ಬಿಸಿಲಲ್ಲಿ ಕುಳಿತಿದ್ದ. ಈಗಿರುವ ತಲೆ 17ನೇ ಶತಮಾನದ ಕೊನೆಯದು. ಮೊದಲಿನದು ಅಂತ ಉಳಿದಿರುವುದು ಮುಖ್ಯವಾಗಿ ಕೆಳಗಿನ ಕಮಲದ ಕೆಲವು ದಳಗಳು. ಆದರೆ ಆ ಕುಂಚ ಇದೆ! ಆ ನೀಲಿ ದಾರವೂ ಇದೆ. ಪಕ್ಕದ ಶೋಸೋಯಿನ್ ಅನ್ನುವ ಮರದ ಉಗ್ರಾಣದಲ್ಲಿ ಇಟ್ಟಿದ್ದರು, ಹಾಳಾಗಲಿಲ್ಲ. 1185ರಲ್ಲಿ ರಿಪೇರಿ ಮಾಡಿದ ಬುದ್ಧನಿಗೆ ಮತ್ತೆ ಕಣ್ಣು ಬರೆಯಬೇಕಾದಾಗ, ಪಟ್ಟ ಬಿಟ್ಟಿದ್ದ ಚಕ್ರವರ್ತಿ ಗೋ-ಶಿರಾಕಾವ ಅದೇ ಕುಂಚ ತರಿಸಿ ತಾನೇ ಬರೆದ. ಉಗ್ರಾಣದ ವಸ್ತುಗಳಲ್ಲಿ ಕೆಲವನ್ನು ಪ್ರತಿ ವರ್ಷ ಶರತ್ಕಾಲದಲ್ಲಿ ಕೆಲವೇ ದಿನ ಜನರಿಗೆ ತೋರಿಸುತ್ತಾರೆ. ನಾವು ಹೋಗಿದ್ದು ನವೆಂಬರ್ ಮೂರನೇ ವಾರ. ಪ್ರದರ್ಶನ ಆಗಲೇ ಮುಗಿದಿತ್ತು.

ಹೊರಗೆ ಜಗಲಿಯಲ್ಲಿ ಕೆಂಪು ಬಟ್ಟೆ ಹೊದ್ದ ಒಂದು ಮರದ ಮುದುಕ ಕೂತಿದ್ದಾನೆ. ಬಿಂಜುರು. ನಮಗೆ ಎಲ್ಲಿ ನೋವೋ ಅವನ ಆ ಜಾಗ ಸವರಿ, ಆಮೇಲೆ ನಮ್ಮ ಮೈ ಸವರಿಕೊಂಡರೆ ವಾಸಿಯಂತೆ. ಇವನು ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜ. "ಭಾರದ್ವಾಜ ಗೋತ್ರದವನಾ?" ಅಂತ ವಿಚಾರಿಸಿಕೊಂಡು ಅಮ್ಮ ಅವನ ಎರಡೂ ಮಂಡಿ ಚೆನ್ನಾಗಿ ಉಜ್ಜಿದಳು. ಅಲ್ಲಿ ಮರ ಎಷ್ಟು ನುಣ್ಣಗಾಗಿತ್ತು ಅಂದರೆ, ಜಪಾನಿನಲ್ಲಿ ಮಂಡಿ ನೋವು ಎಷ್ಟು ಜನಕ್ಕಿದೆ ಅಂತ ಲೆಕ್ಕ ಹಾಕಬಹುದು.

ಊಟದ್ದೊಂದು ಕಥೆ. ನಾವು ಸಸ್ಯಾಹಾರಿಗಳು ಅಂತ ಮೊದಲೇ ಹೇಳಿದ್ದೆವು. ಸೋಮೆನ್ ಅಂದರೆ ನಮ್ಮ ಶಾವಿಗೆಯ ಹಾಗೇ ತೆಳು, ಈ ಪ್ರಾಂತದ ಮಿವಾ ಕಡೆಯದು ಹೆಸರುವಾಸಿ. ಆಸೆಯಿಂದ ಕಾದು ಕುಳಿತೆವು. ಬಂತು. ಮೇಲೆ ಕಂದು ಬಣ್ಣದ ತೆಳು ಸಿಪ್ಪೆಗಳು, ಬಿಸಿಗೆ ಅಲುಗಾಡುತ್ತಿವೆ. "ಇದಕ್ಕೆ ಜೀವ ಇದೆಯಲ್ಲೇ!" ಅಂದಳು ಅಮ್ಮ. ಒಣಗಿಸಿದ ಮೀನಿನ ಸಿಪ್ಪೆ ಅದು. ತೆಗೆದರೂ ಪ್ರಯೋಜನ ಇಲ್ಲ, ಸಾರೇ ಮೀನಿನದು. ಹೋಟೆಲಿನವರ ಲೆಕ್ಕದಲ್ಲಿ ಸಾರಿನಲ್ಲಿ ಕರಗಿದ್ದು ಮೀನಲ್ಲ. ಜಪಾನಿಗೆ ಹೋಗುವ ಸಸ್ಯಾಹಾರಿಗಳು "ಮೀನು ಬೇಡ" ಅಂದರೆ ಸಾಲದು, "ದಾಶಿ ಬೇಡ" ಅಂತಲೂ ಹೇಳಬೇಕು, ಈ ಸಾರಿನ ಹೆಸರು ಅದು.

ಗೈಡಮ್ಮನಿಗೆ ಅಳುವೇ ಬಂದಂತಾಯಿತು. ಒಳಗೆ ಹೋಗಿ ಬರೀ ಅನ್ನ, ಉಪ್ಪಿನಕಾಯಿ ತರಿಸಿದರು. ಅಮ್ಮ ಚೀಲದಿಂದ ಅಪ್ಪೆಮಿಡಿಯ ಡಬ್ಬ ತೆಗೆದಳು. ನೀವೂ ನೋಡಿ ಅಂತ ಒಂದು ಮಿಡಿಯನ್ನು ಗೈಡಮ್ಮನ ತಟ್ಟೆಗೆ ಹಾಕಿದಳು. ಅವರು ಚಾಪ್‌ಸ್ಟಿಕ್ಕಿನಲ್ಲಿ ಹಿಡಿದು ಕಚ್ಚಿದರು. ಒಂದು ಕ್ಷಣ ಕಣ್ಣು ಮುಚ್ಚಿದರು. ನೀರು ಕುಡಿದರು. ಮತ್ತೆ ಕಚ್ಚಿದರು. ಆಮೇಲೆ ಅವರ ಕಡೆಯ ಉಪ್ಪಿನಕಾಯಿ, ಕಂದು ಬಣ್ಣದ ನಾರಾಜುಕೆಯನ್ನು ಅಮ್ಮನ ತಟ್ಟೆಗೆ ಬಡಿಸಿದರು. ಅಮ್ಮನಿಗೆ ಬಹಳ ಹಿಡಿಸಿತು, ಇನ್ನೊಂದು ಸಲ ಹಾಕಿಸಿಕೊಂಡಳು. ಅದನ್ನು ಹುದುಗಿಸುವುದು ಅಕ್ಕಿ ಹೆಂಡದ ಗಸಿಯಲ್ಲಿ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಮಧ್ಯಾಹ್ನದ ಮೇಲೆ ನಿಗಾತ್ಸುದೋ ಮಂಟಪ, ಮೆಟ್ಟಿಲು ಇದ್ದದ್ದರಿಂದ ಅಮ್ಮ ಕೆಳಗೇ ಕೂತಳು. ಮೇಲಿನಿಂದ ಇಡೀ ಊರು ಕಾಣುತ್ತದೆ. ಮಾರ್ಚ್ ತಿಂಗಳಲ್ಲಿ ಇಲ್ಲಿ ರಾತ್ರಿ ದೊಡ್ಡ ದೊಡ್ಡ ಪಂಜು ಹಿಡಿದು ಜಗಲಿಯಲ್ಲಿ ಓಡುತ್ತಾರೆ. 752ರಿಂದ ಒಂದು ವರ್ಷವೂ ನಿಂತಿಲ್ಲ ಆ ಆಚರಣೆ.

ಕಸುಗಾ ದೇವಾಲಯದ ದಾರಿ ಮಾತ್ರ ಮರೆಯುವಂಥದ್ದಲ್ಲ. ಕಾಡಿನ ನಡುವೆ ಹಾದಿ, ಎರಡೂ ಕಡೆ ಪಾಚಿ ಹಿಡಿದ ಕಲ್ಲಿನ ದೀಪಸ್ತಂಭಗಳು. ಕಲ್ಲಿನವು ಎರಡು ಸಾವಿರ, ಒಳಗೆ ತೂಗುಹಾಕಿದ ಕಂಚಿನವು ಸಾವಿರ. ಎಲ್ಲ ಭಕ್ತರ ಕಾಣಿಕೆ. ಹಿಂದಿನ ಬೆಟ್ಟದ ಕಾಡಿನಲ್ಲಿ 841ರಿಂದ ಮರ ಕಡಿಯುವುದೂ ಬೇಟೆಯೂ ನಿಷೇಧ. ನಮ್ಮ ದೇವರಕಾಡಿನ ಹಾಗೆ. ಎಲ್ಲ ದೀಪ ಒಟ್ಟಿಗೆ ಹಚ್ಚುವುದು ಫೆಬ್ರವರಿ, ಆಗಸ್ಟ್ ಹಬ್ಬಗಳಲ್ಲಿ ಮಾತ್ರ. ಆದರೆ ಒಂದು ಕತ್ತಲೆ ಕೋಣೆಯಲ್ಲಿ ಯಾವಾಗಲೂ ಹಚ್ಚಿಟ್ಟಿರುತ್ತಾರೆ. ಕಾರ್ತಿಕ ಮಾಸ ನಡೆಯುತ್ತಿತ್ತು. ಅಮ್ಮ ಅಲ್ಲಿಂದ ಬೇಗ ಹೊರಗೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಕೊನೆಗೆ ನಾರಾಮಾಚಿ, ಹಳೇ ವ್ಯಾಪಾರಿಗಳ ಕೇರಿ. ಮುಂದೆ ಕಿರಿದು, ಒಳಗೆ ಹೋದಷ್ಟೂ ಉದ್ದ ಇರುವ ಮನೆಗಳು. ಸೂರಿಗೆ ಕೆಂಪು ಬಟ್ಟೆಯ ಪುಟ್ಟ ಮಂಗಗಳನ್ನು ಕಟ್ಟಿರುತ್ತಾರೆ, ಮನೆಯವರಿಗೆ ಬರುವ ಕೆಡುಕನ್ನು ಅವು ತೆಗೆದುಕೊಳ್ಳುತ್ತವಂತೆ. "ನೋಡು, ಇಲ್ಲೂ ಮಂಗ ಇದೆ" ಅಂದಳು ಅಮ್ಮ.

ಬೀಳ್ಕೊಡುವಾಗ ಗೈಡಮ್ಮ ಒಂದು ಚೀಟಿಯಲ್ಲಿ ಅವರ ಲಿಪಿಯಲ್ಲಿ ನಾರಾ ಅಂತ ಎರಡು ಅಕ್ಷರ ಬರೆದುಕೊಟ್ಟರು. ಅದರ ಕೆಳಗೆ ವರ್ಣಮಾಲೆಯ ಮೊದಲನೆಯದು, ಕೊನೆಯದು. ಅ, ಉನ್. ಅಮ್ಮ ಅದರ ಒಂದು ಅಂಚು ಹರಿದು ಕನ್ನಡದಲ್ಲಿ ಅ ಬರೆದು ಕೊಟ್ಟಳು. ಗೈಡಮ್ಮ ಗಾಳಿಯಲ್ಲಿ ಬೆರಳಾಡಿಸಿ ಎರಡು ಸಲ ತಿದ್ದಿದರು.

ದಿನ 3: ಮತ್ತೆ ಅದೇ ರೈಲು

ಮೂರನೇ ದಿನದ ಯೋಜನೆಯಲ್ಲಿ ಒಸಾಕಾ ಕೋಟೆ ಇತ್ತು. ಅಮ್ಮ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಆ ಕಣ್ಣು ಬರೆದವರು ಆಮೇಲೆ ಊರಿಗೆ ಹೋದರಾ?" ಅಂತ ಕೇಳಿದಳು. ಹೋಗಲಿಲ್ಲ. 760ರಲ್ಲಿ ಇಲ್ಲೇ ತೀರಿಕೊಂಡರು. ಅವರ ಸ್ಮಾರಕ ರ್ಯೋಸೆನ್‌ಜಿ ಅನ್ನುವ ದೇವಾಲಯದಲ್ಲಿದೆ ಅಂತ ಗೈಡಮ್ಮ ಹೇಳಿದ್ದರು. ಶನಿವಾರ, ತಮ್ಮನಿಗೆ ರಜೆ. ಕೋಟೆ ಎಲ್ಲೂ ಓಡಿಹೋಗುವುದಿಲ್ಲ ಅಂತ ತೀರ್ಮಾನವಾಯಿತು.

ಅದೇ ಕಿಂತೆತ್ಸು ರೈಲು, ಈ ಸಲ ಸರಿಯಾದದ್ದು. ತೊಮಿಓ ನಿಲ್ದಾಣದಲ್ಲಿ ಇಳಿದು ಬಸ್ಸು. ಪ್ರವಾಸಿಗರು ಯಾರೂ ಇಲ್ಲ, ತರಕಾರಿ ಚೀಲ ಹಿಡಿದ ಊರಿನವರು. ಬೆಟ್ಟದ ಬುಡದಲ್ಲಿ ದೇವಾಲಯ. ಈ ಬೆಟ್ಟ ನೋಡಿ ಬೋಧಿಸೇನರಿಗೆ ಮಗಧದ ಗೃಧ್ರಕೂಟ ನೆನಪಾಯಿತಂತೆ, ಬುದ್ಧ ಉಪದೇಶ ಮಾಡಿದ ಬೆಟ್ಟ. ಅದೇ ಹೆಸರು ಇಟ್ಟರು. ಜಾಗ ಚೆನ್ನಾಗಿದೆ, ಆದರೆ ವಿಚಿತ್ರ ಬೆರಕೆ. 1283ರ ಮುಖ್ಯ ಮಂದಿರ ಒಂದು ಕಡೆ. ಸರಸ್ವತಿಗೆ ಚಿನ್ನದ ಬಣ್ಣದ ಗುಡಿ ಇನ್ನೊಂದು ಕಡೆ, ಇಲ್ಲಿ ಅವಳ ಹೆಸರು ಬೆಂಜೈತೆನ್. ಜೊತೆಗೆ ಒಂದು ಗುಲಾಬಿ ತೋಟ. ಕೊನೆಯ ಹೂಗಳು ಇನ್ನೂ ಉಳಿದಿದ್ದವು.

ಸ್ಮಾರಕ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಮರಗಳ ನೆರಳಲ್ಲಿ ಕಲ್ಲು, ಸುತ್ತ ಉದುರಿದ ಎಲೆ. ದೊಡ್ಡದೇನಲ್ಲ. ಹದಿನೈದು ಮೀಟರ್ ಬುದ್ಧನನ್ನು ನೋಡಿ ಬಂದ ಕಣ್ಣಿಗೆ ಬಹಳ ಚಿಕ್ಕದು ಅನಿಸಿತು. ತಮ್ಮ ಫೋಟೋ ತೆಗೆದ. ಅಮ್ಮ ಕಲ್ಲಿನ ಬುಡದ ಎಲೆಗಳನ್ನು ಕಾಲಿನಿಂದ ಅಲ್ಲ, ಬಗ್ಗಿ ಕೈಯಿಂದಲೇ ಸರಿಸಿದಳು. ಮಂಡಿ ಹಿಡಿದುಕೊಂಡು ಎದ್ದಳು. "ಬಿಂಜುರು ಇನ್ನೂ ಕೆಲಸ ಶುರು ಮಾಡಿಲ್ಲ" ಅಂದಳು.

ವಾಪಸ್ ರೈಲು. ನ, ರ ಎರಡೂ ಅಕ್ಷರ ಕಲಿತವಳು ಕಿಟಕಿಯಿಂದ ಕಂಡ ಪ್ರತಿ ಬೋರ್ಡಿನಲ್ಲೂ ಅವನ್ನು ಹುಡುಕುತ್ತಿದ್ದಳು. ಸಿಕ್ಕಾಗ ನನ್ನ ತೊಡೆ ಚಿವುಟುತ್ತಿದ್ದಳು. ನಂಬಾದಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ದೊಡ್ಡ ಬೋರ್ಡಿನ ಮುಂದೆ ನಿಂತುಬಿಟ್ಟಳು. ಹಿಂದಿನಿಂದ ಜನ ಸುತ್ತಿಕೊಂಡು ಹೋಗುತ್ತಿದ್ದರು.

"ಇದು ನ. ಪಕ್ಕದ್ದು ಎಂಥದೋ? ಕಾಲು ಚಾಚಿಕೊಂಡಿದೆಯಲ್ಲ, ಅದು?"

"ಅದು ನ್ ಅಮ್ಮ. ನಂಬಾ ಅನ್ನುವಾಗ ಬರುತ್ತಲ್ಲ, ಆ ನ್" ಅಂದ ತಮ್ಮ.

"ಅರ್ಧ ಅಕ್ಷರಕ್ಕೆ ಪೂರ್ತಿ ಜಾಗ ಕೊಟ್ಟಿದ್ದಾರೆ. ಒಂದು ಸೊನ್ನೆ ಹಾಕಿದ್ರೆ ಆಗ್ತಿತ್ತಪ್ಪ." ಚೀಲದಿಂದ ಚೀಟಿ ತೆಗೆದು, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು, ಬೋರ್ಡು ನೋಡಿ, ಮತ್ತೆ ಚೀಟಿ ನೋಡಿದಳು.

"ಓ, ಇವನಾ!" ಅಂದಳು. "ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದನಲ್ಲ, ಅವನೇ."